ಸ್ಟಾಕ್ ಫೋಟೋ ತಾಣಗಳು ಚಿತ್ರವನ್ನು ಒಪ್ಪುವುದು ಹೇಗೆ, ಮರಳಿಸುವುದು ಏಕೆ?

ದಸರೆ ಮುಗಿಯುವ ಹೊತ್ತಿಗೆ ಮೈಸೂರಿನ ಬಹುತೇಕ ಮನೆಗಳ ಮೊಬೈಲ್‌ಗಳಲ್ಲಿ ಅರಮನೆಯ ದೀಪಾಲಂಕಾರ, ಜಂಬೂಸವಾರಿಯ ಆನೆಗಳು, ಬನ್ನಿಮಂಟಪದ ಪಂಜಿನ ಕವಾಯತು ತುಂಬಿಕೊಂಡಿರುತ್ತವೆ. ಇಂಥ ಚಿತ್ರಗಳನ್ನು ಅಂತರ್ಜಾಲದಲ್ಲಿ ಮಾರಿ ಡಾಲರ್ ಗಳಿಸಬಹುದೆಂದು ಹೇಳುವ ಕಿರು ವಿಡಿಯೋಗಳಿಗೂ ಈಗ ಬರವಿಲ್ಲ. ಅವನ್ನು ನೋಡಿ ಸ್ಟಾಕ್ ಫೋಟೋ ತಾಣಗಳಲ್ಲಿ ಖಾತೆ ತೆರೆದು, ತಮಗೆ ಅತ್ಯಂತ ಚೆಂದವೆನಿಸಿದ ಹತ್ತಾರು ಚಿತ್ರಗಳನ್ನು ಕಳುಹಿಸಿದವರಲ್ಲಿ ಅನೇಕರಿಗೆ ಕೆಲವೇ ದಿನಗಳಲ್ಲಿ ಎಲ್ಲವೂ ತಿರಸ್ಕೃತವಾಗಿವೆ ಎಂಬ ಉತ್ತರ ಬರುತ್ತದೆ. ಜೊತೆಗೆ ‘ನಾಯ್ಸ್’, ‘ಫೋಕಸ್’, ‘ರಿಲೀಸ್ ಇಲ್ಲ’, ‘ಇದೇ ಬಗೆಯ ಚಿತ್ರಗಳಿವೆ’ ಎಂಬಂಥ ಒಂದೆರಡು ಪದಗಳ ಕಾರಣವಿರುತ್ತದೆಯೇ ಹೊರತು ವಿವರಣೆ ಇರುವುದಿಲ್ಲ. ಆ ಪದಗಳ ಹಿಂದಿರುವ ಲೆಕ್ಕಾಚಾರವನ್ನು ಬುಡದಿಂದ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಸ್ಟಾಕ್ ತಾಣದ ವ್ಯವಹಾರ

ಪಠ್ಯಪುಸ್ತಕದ ಪ್ರಕಾಶಕರಿಗೆ ಕಬ್ಬಿನ ಗದ್ದೆಯ ಚಿತ್ರ ಬೇಕಾಗುತ್ತದೆ, ಪ್ರವಾಸ ಕಂಪನಿಗೆ ಚಾಮುಂಡಿ ಬೆಟ್ಟದ ನಂದಿಯ ಚಿತ್ರ ಬೇಕಾಗುತ್ತದೆ, ಆಸ್ಪತ್ರೆಯ ಕರಪತ್ರಕ್ಕೆ ನಗುವ ಅಜ್ಜಿಯ ಮುಖ ಬೇಕಾಗುತ್ತದೆ. ಪ್ರತಿ ಬಾರಿಯೂ ಛಾಯಾಗ್ರಾಹಕರನ್ನು ಕರೆಸಿ ತೆಗೆಸುವುದು ದುಬಾರಿಯಾದ್ದರಿಂದ, ಮೊದಲೇ ತೆಗೆದಿಟ್ಟ ಚಿತ್ರಗಳ ಸಂಗ್ರಹದಿಂದ ಆರಿಸಿಕೊಳ್ಳುವ ಪದ್ಧತಿ ಬೆಳೆಯಿತು. 1995ರಲ್ಲಿ ಗೆಟ್ಟಿ ಇಮೇಜಸ್ ಆರಂಭವಾದಾಗ ಇದು ಮುಖ್ಯವಾಗಿ ವೃತ್ತಿಪರರ ಲೋಕವಾಗಿತ್ತು. 2000ದಲ್ಲಿ ಬಂದ ಐಸ್ಟಾಕ್, 2003ರಲ್ಲಿ ಬಂದ ಶಟರ್‌ಸ್ಟಾಕ್ ಮುಂತಾದ ತಾಣಗಳು ಹವ್ಯಾಸಿಗಳಿಗೂ ಬಾಗಿಲು ತೆರೆದವು. ಫೋಟೋಲಿಯಾ ಸಂಸ್ಥೆಯನ್ನು ಕೊಂಡ ಅಡೋಬಿ 2015ರಲ್ಲಿ ಅಡೋಬಿ ಸ್ಟಾಕ್ ಆರಂಭಿಸಿತು. 2025ರ ಜನವರಿಯಲ್ಲಿ ಗೆಟ್ಟಿ ಮತ್ತು ಶಟರ್‌ಸ್ಟಾಕ್ ತಾವು ವಿಲೀನಗೊಳ್ಳುವುದಾಗಿ ಪ್ರಕಟಿಸಿದವು.

ಈ ತಾಣಗಳು ನಿಮ್ಮ ಚಿತ್ರವನ್ನು ಕೊಂಡುಕೊಳ್ಳುವುದಿಲ್ಲ. ಅದನ್ನು ಬಳಸುವ ಪರವಾನಗಿಯನ್ನು ನಿಮ್ಮ ಪರವಾಗಿ ಮಾರುತ್ತವೆ. ಮದುವೆಗೆ ಕೊಪ್ಪರಿಗೆ, ಹಂಡೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯನ್ನು ನೆನೆದರೆ ಇದು ಅರ್ಥವಾಗುತ್ತದೆ. ಪಾತ್ರೆ ಅಂಗಡಿಯವರದಾಗಿಯೇ ಉಳಿಯುತ್ತದೆ, ಇವತ್ತು ಒಂದು ಮನೆಯ ಮದುವೆಗೆ, ನಾಳೆ ಇನ್ನೊಂದು ಮನೆಯ ನಾಮಕರಣಕ್ಕೆ ಹೋಗುತ್ತದೆ. ಚಿತ್ರಕ್ಕಿರುವ ಅನುಕೂಲವೆಂದರೆ ಅದು ಒಂದೇ ದಿನ ನೂರು ಮನೆಗಳಿಗೆ ಹೋಗಬಲ್ಲದು. ರಾಯಲ್ಟಿ-ಫ್ರೀ ಎಂದು ಕರೆಯುವ ಪರವಾನಗಿಯಲ್ಲಿ ಗ್ರಾಹಕ ಒಮ್ಮೆ ಹಣ ಕೊಟ್ಟು, ನಿಯಮಗಳ ಮಿತಿಯೊಳಗೆ ಚಿತ್ರವನ್ನು ಮತ್ತೆ ಮತ್ತೆ ಬಳಸಿಕೊಳ್ಳಬಹುದು. ಛಾಯಾಗ್ರಾಹಕರಿಗೆ ಪ್ರತಿ ಡೌನ್‌ಲೋಡಿಗೂ ಒಂದು ಪಾಲು ಸಿಗುತ್ತದೆ. ಅಡೋಬಿ ಸ್ಟಾಕ್ ಛಾಯಾಚಿತ್ರಗಳಿಗೆ ಶೇ 33ರಷ್ಟು ಕೊಡುತ್ತದೆ. ಶಟರ್‌ಸ್ಟಾಕ್ 2020ರ ಜೂನ್‌ನಲ್ಲಿ ಜಾರಿಗೆ ತಂದ ಪದ್ಧತಿಯಲ್ಲಿ ಪಾಲು ಶೇ 15ರಿಂದ ಶೇ 40ರವರೆಗೆ ಏರುತ್ತದೆ, ಆದರೆ ಪ್ರತಿ ಜನವರಿಯಲ್ಲಿ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿನಿಂದಲೇ ಹತ್ತಬೇಕು. ಚಂದಾದಾರ ಗ್ರಾಹಕರು ಇಳಿಸಿಕೊಂಡ ಚಿತ್ರಕ್ಕೆ ಕೆಲವೇ ಸೆಂಟ್‌ಗಳು ಬರುವುದೂ ಉಂಟು. ಆದ್ದರಿಂದ ಕಿರು ವಿಡಿಯೋಗಳ ಮಾತನ್ನು ಸ್ವಲ್ಪ ಸೋಸಿಯೇ ಕೇಳಬೇಕು.

ಪರಿಶೀಲಕರ ಮುಂದಿರುವ ಪ್ರಶ್ನೆ

ಕಳುಹಿಸಿದ ಚಿತ್ರವನ್ನು ಮೊದಲು ಗಣಕ ವ್ಯವಸ್ಥೆ ತಪಾಸಣೆ ಮಾಡುತ್ತದೆ, ಬಳಿಕ ಅಗತ್ಯವಿದ್ದಲ್ಲಿ ಮನುಷ್ಯರು ನೋಡುತ್ತಾರೆ. ಯಾರೇ ನೋಡಲಿ, ಚಿತ್ರ ಚೆಂದವಾಗಿದೆಯೇ ಎಂಬುದು ಅವರ ಮುಖ್ಯ ಪ್ರಶ್ನೆಯಾಗಿರುವುದಿಲ್ಲ. ಎಲ್ಲಿಯೋ ಇರುವ ಒಬ್ಬ ಅಪರಿಚಿತ ಗ್ರಾಹಕ ಇದನ್ನು ರಸ್ತೆ ಬದಿಯ ಫಲಕದಷ್ಟು ದೊಡ್ಡದು ಮಾಡಿದರೆ ನಿಲ್ಲುತ್ತದೆಯೇ, ಇದನ್ನು ಬಳಸಿದ್ದಕ್ಕೆ ಅವನ ಮೇಲೆ ಯಾರಾದರೂ ದಾವೆ ಹೂಡಬಹುದೇ, ಕೋಟಿಗಟ್ಟಲೆ ಚಿತ್ರಗಳ ನಡುವೆ ಇದು ಅವನ ಕಣ್ಣಿಗೆ ಬೀಳುತ್ತದೆಯೇ ಎಂಬುದೇ ಅವರ ಚಿಂತೆ. ತಿರಸ್ಕಾರದ ಬಹುತೇಕ ಕಾರಣಗಳು ಈ ಮೂರರಲ್ಲಿ ಒಂದಕ್ಕೆ ಬಂದು ಸೇರುತ್ತವೆ. ಮನೆಯವರಿಗೂ ಗೆಳೆಯರಿಗೂ ಮೆಚ್ಚುಗೆಯಾದ ಚಿತ್ರ ಮರಳಿ ಬಂದಿತೆಂದರೆ ಅದು ಕಲೆಯ ಮೇಲಿನ ತೀರ್ಪಲ್ಲ.

ಪೂರ್ಣ ಗಾತ್ರದಲ್ಲಿ ಮಾತ್ರ ಕಾಣುವ ದೋಷಗಳು

ಮೊಬೈಲ್ ಪರದೆಯಲ್ಲಿ ಚಿತ್ರವನ್ನು ನೋಡುವಾಗ ಅದರ ನಿಜವಾದ ಗಾತ್ರದ ಒಂದು ಸಣ್ಣ ಭಾಗವಷ್ಟೇ ಕಣ್ಣಿಗೆ ದಕ್ಕುತ್ತದೆ, ದೋಷಗಳು ಕುಗ್ಗಿ ಮರೆಯಾಗಿರುತ್ತವೆ. ಪರಿಶೀಲಕರು ನೋಡುವುದು ನೂರಕ್ಕೆ ನೂರರ ಗಾತ್ರದಲ್ಲಿ, ಅಂದರೆ ಚಿತ್ರದ ಒಂದೊಂದು ಚುಕ್ಕಿಯೂ ಪರದೆಯ ಒಂದೊಂದು ಚುಕ್ಕಿಗೆ ಸಮನಾಗಿರುವಂತೆ. ಕಂಪ್ಯೂಟರ್‌ನಲ್ಲಿ ಹಾಗೆ ಹಿಗ್ಗಿಸಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಧಾನವಾಗಿ ಸರಿಸುತ್ತಾ ನೋಡುವ ಅಭ್ಯಾಸವೊಂದನ್ನು ಮಾಡಿಕೊಂಡರೆ ತಿರಸ್ಕಾರಗಳು ಗಣನೀಯವಾಗಿ ಕಡಿಮೆಯಾಗುತ್ತವೆ.

ಹೀಗೆ ನೋಡಿದಾಗ ಮೊದಲು ಸಿಕ್ಕಿಬೀಳುವುದು ಫೋಕಸ್. ಮನುಷ್ಯರ ಚಿತ್ರದಲ್ಲಿ ಕಣ್ಣು, ಹಕ್ಕಿಯ ಚಿತ್ರದಲ್ಲೂ ಕಣ್ಣು, ತಿಂಡಿಯ ಚಿತ್ರದಲ್ಲಿ ತಟ್ಟೆಯ ಮುಂಭಾಗ ಸ್ಪಷ್ಟವಾಗಿರಬೇಕು. ಕಿವಿ ಸ್ಪಷ್ಟವಾಗಿದ್ದು ಕಣ್ಣು ಮಸುಕಾಗಿದ್ದರೆ ಪ್ರಯೋಜನವಿಲ್ಲ. ನಂತರದ್ದು ನಾಯ್ಸ್. ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾ ತನಗೆ ಸಿಕ್ಕ ಅಲ್ಪ ಸಂಕೇತವನ್ನೇ ಹಿಗ್ಗಿಸುತ್ತದೆ. ಐಎಸ್‌ಒ ಏರಿಸುವುದೆಂದರೆ ಇದೇ. ಹಾಗೆ ಹಿಗ್ಗಿಸಿದಾಗ ಕತ್ತಲ ಭಾಗಗಳಲ್ಲಿ ಬಣ್ಣಬಣ್ಣದ ರವೆಯಂಥ ಕಣಗಳು ಏಳುತ್ತವೆ. ಮೊಬೈಲ್‌ನ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, ಚಿಕ್ಕದಾದ್ದರಿಂದ ಅದರಲ್ಲಿ ಈ ತೊಂದರೆ ಬೇಗ ತಲೆದೋರುತ್ತದೆ. ಮೊಬೈಲ್ ತಾನಾಗಿಯೇ ಆ ಕಣಗಳನ್ನು ಒರೆಸಿ ನುಣುಪು ಮಾಡಿದಾಗ ಹುಲ್ಲು, ಕೂದಲು, ಕಲ್ಲಿನ ಕೆತ್ತನೆಗಳು ಬಣ್ಣ ಬಳಿದಂತೆ ಕಲಸಿಹೋಗುತ್ತವೆ, ಅದೂ ದೋಷವೇ. ರಂಗನತಿಟ್ಟಿನಲ್ಲಿ ಆಕಾಶಕ್ಕೆ ಎದುರಾಗಿ ತೆಗೆದ ಒಣಕೊಂಬೆಯ ಅಂಚಿನಲ್ಲಿ ನೇರಳೆ ಅಥವಾ ಹಸಿರು ಗೆರೆ ಕಂಡರೆ ಅದು ಲೆನ್ಸ್‌ನ ದೋಷ. ಸಾಮಾನ್ಯ ಎಡಿಟಿಂಗ್ ತಂತ್ರಾಂಶದಲ್ಲಿ ಸರಿಪಡಿಸಬಹುದು. ಸೆನ್ಸರ್ ಮೇಲೆ ಕೂತ ಧೂಳು ಆಕಾಶದಲ್ಲಿ ಬೂದು ಚುಕ್ಕೆಯಾಗಿ ಕಾಣುತ್ತದೆ, ಅದನ್ನೂ ಅಳಿಸಬಹುದು. ಮಸುಕನ್ನು ಮಾತ್ರ ಯಾವ ಎಡಿಟಿಂಗೂ ನಿಜವಾಗಿ ಗುಣಪಡಿಸುವುದಿಲ್ಲ.

ಗಾತ್ರದ ವಿಷಯದಲ್ಲಿ ಶಟರ್‌ಸ್ಟಾಕ್ ಮತ್ತು ಅಡೋಬಿ ಎರಡೂ ಕನಿಷ್ಠ 4 ಮೆಗಾಪಿಕ್ಸೆಲ್, ಅಂದರೆ 40 ಲಕ್ಷ ಚುಕ್ಕಿಗಳನ್ನು ಕೇಳುತ್ತವೆ. 2,500 ಚುಕ್ಕಿ ಅಗಲ, 1,600 ಚುಕ್ಕಿ ಎತ್ತರದ ಚಿತ್ರ ಆ ಗೆರೆಯನ್ನು ಸರಿಯಾಗಿ ಮುಟ್ಟುತ್ತದೆ. ಇಂದಿನ ಮೊಬೈಲ್‌ಗಳಿಗೆ ಇದು ಕಷ್ಟವೇ ಅಲ್ಲ. ಆದರೂ ಚಿತ್ರಗಳು ಇಲ್ಲಿ ಎಡವುವುದೇಕೆಂದರೆ, ಮೊಬೈಲ್‌ನಿಂದ ಕಂಪ್ಯೂಟರ್‌ಗೆ ಸಾಗಿಸಲು ನಮ್ಮವರು ವಾಟ್ಸಾಪ್ ಬಳಸುತ್ತಾರೆ. ಫೋಟೋ ಎಂದು ಕಳುಹಿಸಿದ್ದೆಲ್ಲವನ್ನೂ ಅದು ಕುಗ್ಗಿಸಿಬಿಡುತ್ತದೆ. ಕೇಬಲ್ ಮೂಲಕವೋ, ಮೂಲ ಕಡತವನ್ನು ಹಾಗೆಯೇ ಉಳಿಸುವ ಡ್ರೈವ್ ಮೂಲಕವೋ ಸಾಗಿಸಬೇಕು. ಬೆರಳಿನಿಂದ ಹಿಗ್ಗಿಸಿ ತೆಗೆದ ಡಿಜಿಟಲ್ ಜೂಮ್ ಚಿತ್ರಗಳಿಗೂ, ಫಿಲ್ಟರ್ ಹಚ್ಚಿ ಮುಖ ಬೆಳ್ಳಗಾಗಿಸಿದ ಚಿತ್ರಗಳಿಗೂ, ದಿನಾಂಕದ ಮುದ್ರೆ ಅಥವಾ ಸ್ವಂತ ಹೆಸರು ಒತ್ತಿದ ಚಿತ್ರಗಳಿಗೂ ಜಾಗವಿಲ್ಲ.

ಆಲೆಮನೆಯ ಒಂದು ಚಿತ್ರವನ್ನು ಬಿಡಿಸಿ ನೋಡಿದರೆ

ಮಂಡ್ಯ ಸೀಮೆಯ ಆಲೆಮನೆ ಹವ್ಯಾಸಿಗಳಿಗೆ ಅಚ್ಚುಮೆಚ್ಚಿನ ವಸ್ತು. ಒಂದು ಸಾಮಾನ್ಯ ಚಿತ್ರವನ್ನು ಕಲ್ಪಿಸಿಕೊಳ್ಳೋಣ: ಶೆಡ್ಡಿನ ಒಳಗೆ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು, ಮೇಲೇಳುವ ಹಬೆ, ಉದ್ದ ಹಿಡಿಯ ಸೌಟಿನಿಂದ ಮಡ್ಡಿ ತೆಗೆಯುತ್ತಿರುವ ಕೆಲಸಗಾರ, ಹಿಂದೆ ಬಾಗಿಲಿನಿಂದ ಸುರಿಯುವ ಮಧ್ಯಾಹ್ನದ ಬೆಳಕು. ಮೊಬೈಲ್‌ನಲ್ಲಿ ನೋಡಿದವರೆಲ್ಲ ಮೆಚ್ಚುತ್ತಾರೆ. ಪೂರ್ಣ ಗಾತ್ರದಲ್ಲಿ ಬಿಡಿಸಿದಾಗ ಕಥೆ ಬೇರೆಯಾಗುತ್ತದೆ. ಬಾಗಿಲಿನ ಭಾಗ ಸುಣ್ಣ ಬಳಿದಂತೆ ಬಿಳಿಯಾಗಿದೆ, ಅಲ್ಲಿ ಯಾವ ವಿವರವೂ ಉಳಿದಿಲ್ಲ. ಕಬ್ಬಿನ ಸಿಪ್ಪೆ ಒಟ್ಟಿದ ಮೂಲೆಯ ಕತ್ತಲಲ್ಲಿ ಕೆಂಪು, ಹಸಿರು ಕಣಗಳು ಕುಣಿಯುತ್ತಿವೆ. ಶಟರ್ ನಿಧಾನವಾಗಿದ್ದರಿಂದ ಸೌಟು ಹಿಡಿದ ಕೈ ಅಲುಗಿದೆ. ಫೋಕಸ್ ಮುಖದ ಮೇಲಿಲ್ಲ, ಹಬೆಯ ಹಿಂದಿನ ಗೋಡೆಯ ಮೇಲೆ ಕೂತಿದೆ. ಕೆಲಸಗಾರನ ಮುಖ ಗುರುತಿಸುವಷ್ಟು ಸ್ಪಷ್ಟವಾಗಿದ್ದರೂ ಅವನ ಒಪ್ಪಿಗೆಪತ್ರವಿಲ್ಲ. ಅವನ ಟಿ-ಶರ್ಟಿನ ಮೇಲೆ ಗೊಬ್ಬರದ ಕಂಪನಿಯೊಂದರ ಗುರುತಿದೆ. ಹೀಗೆ ಒಂದೇ ಚಿತ್ರಕ್ಕೆ ಆರು ಕಾರಣಗಳಿದ್ದರೂ ತಾಣ ಒಂದನ್ನೋ ಎರಡನ್ನೋ ಮಾತ್ರ ತಿಳಿಸುತ್ತದೆ. ಅದನ್ನಷ್ಟೇ ಸರಿಪಡಿಸಿ ಕಳುಹಿಸಿದವರಿಗೆ ಎರಡನೆಯ ಸಲ ಬೇರೆ ಕಾರಣ ಸಿಕ್ಕಿ ಬೇಸರವಾಗುತ್ತದೆ.

ಅದೇ ಆಲೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತು, ಬೆಳಕು ಪಕ್ಕದಿಂದ ಬೀಳುವ ಕಡೆ ಬಿಸಿ ಪಾಕವನ್ನು ಅಚ್ಚಿಗೆ ಸುರಿಯುವ ಎರಡು ಕೈಗಳನ್ನು ಮಾತ್ರ ಹತ್ತಿರದಿಂದ ತೆಗೆದರೆ, ಬೆಳಕಿನ ವ್ಯತ್ಯಾಸ ಕಡಿಮೆಯಾಗುತ್ತದೆ, ಮುಖ ಇರುವುದಿಲ್ಲ, ಅಂಗಿಯ ಗುರುತೂ ಬರುವುದಿಲ್ಲ. ಮೇಲೆ ಒಂದಿಷ್ಟು ಖಾಲಿ ಜಾಗ ಬಿಟ್ಟರೆ ಗ್ರಾಹಕರಿಗೆ ಅಕ್ಷರ ಹಾಕಿಕೊಳ್ಳಲು ಅನುಕೂಲ. ಮಂಡ್ಯದ ಬೆಲ್ಲದ ಬಗ್ಗೆ ಬರೆಯುವ ಯಾರಿಗಾದರೂ ಬೇಕಾಗುವ ಚಿತ್ರ ಇದು.

ಜನ, ಜಾಗ, ಗುರುತುಮುದ್ರೆ

ಚಿತ್ರದ ಬಳಕೆಯನ್ನು ತಾಣಗಳು ಎರಡಾಗಿ ವಿಂಗಡಿಸುತ್ತವೆ. ಜಾಹೀರಾತು, ಪ್ರಚಾರ, ಪೊಟ್ಟಣದ ಮೇಲಿನ ಮುದ್ರಣ ಇವು ವಾಣಿಜ್ಯ ಬಳಕೆ. ಸುದ್ದಿ, ಲೇಖನ, ಮಾಹಿತಿ ಪುಸ್ತಕ ಇವು ಎಡಿಟೋರಿಯಲ್ ಬಳಕೆ. ವಾಣಿಜ್ಯ ಬಳಕೆಗೆ ಹೋಗುವ ಚಿತ್ರದಲ್ಲಿ ಗುರುತು ಸಿಗುವ ಪ್ರತಿಯೊಬ್ಬ ವ್ಯಕ್ತಿಯಿಂದಲೂ ಸಹಿ ಹಾಕಿದ ಒಪ್ಪಿಗೆಪತ್ರ ಬೇಕು. ಇದನ್ನೇ ಮಾಡೆಲ್ ರಿಲೀಸ್ ಎನ್ನುತ್ತಾರೆ. ಮಕ್ಕಳ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ಸಹಿ ಮಾಡುತ್ತಾರೆ. ನಮೂನೆಯನ್ನು ತಾಣಗಳೇ ಕೊಡುತ್ತವೆ. ಆಲೆಮನೆಯ ಕೆಲಸಗಾರನಿಂದಲೋ ದೇವರಾಜ ಮಾರುಕಟ್ಟೆಯ ಹೂವಿನ ಅಂಗಡಿಯಾಕೆಯಿಂದಲೋ ಸಹಿ ಪಡೆಯುವಾಗ, ಅವರ ಮುಖ ಎಲ್ಲಿಯೋ ಯಾವುದೋ ವಸ್ತುವಿನ ಜಾಹೀರಾತಿನಲ್ಲಿ ಕಾಣಿಸಬಹುದೆಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಅವರು ಒಪ್ಪಿದ ಮೇಲೆಯೇ ಕಾಗದ ಮುಂದಿಡಬೇಕು. ಇಂಗ್ಲಿಷ್ ನಮೂನೆಯನ್ನು ತೋರಿಸಿ ‘ಇಲ್ಲೊಂದು ಸೈನ್ ಹಾಕಿ’ ಎಂದಷ್ಟೇ ಹೇಳುವುದು ಕಾಗದವನ್ನು ಪೂರ್ತಿ ಮಾಡಬಹುದು, ಒಪ್ಪಿಗೆಯನ್ನಲ್ಲ.

ಮನೆ, ಹೋಟೆಲು, ಖಾಸಗಿ ಕಟ್ಟಡ, ಕಲಾಕೃತಿ ಮುಂತಾದವುಗಳಿಗೆ ಮಾಲೀಕರ ಪ್ರಾಪರ್ಟಿ ರಿಲೀಸ್ ಬೇಕಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಟ್ಟಡಗಳ ಮತ್ತು ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪಗಳ ಛಾಯಾಚಿತ್ರ ತೆಗೆದು ಪ್ರಕಟಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ. ಆದರೆ ಚಿತ್ರವನ್ನು ಕೊಳ್ಳುವವರು ಬೇರೆ ದೇಶದಲ್ಲಿರಬಹುದು, ಅಲ್ಲಿನ ಕಾನೂನು ಬೇರೆ ಇರಬಹುದು. ಹಾಗಾಗಿ ನಮ್ಮ ಕಾನೂನು ಬಿಟ್ಟುಕೊಟ್ಟದ್ದನ್ನೂ ತಾಣಗಳು ತಡೆಹಿಡಿಯುವುದುಂಟು. 13ನೇ ಶತಮಾನದ ಸೋಮನಾಥಪುರದ ಕೇಶವ ದೇವಾಲಯದ ಕೆತ್ತನೆಗಳಿಗೆ ಕೃತಿಸ್ವಾಮ್ಯದ ಪ್ರಶ್ನೆಯೇ ಏಳುವುದಿಲ್ಲ. ಇತ್ತೀಚೆಗೆ ವೃತ್ತದಲ್ಲಿ ನಿಲ್ಲಿಸಿದ ಪ್ರತಿಮೆಗೆ ಏಳಬಹುದು. ಸೋಮನಾಥಪುರ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವುದರಿಂದ ಟ್ರೈಪಾಡ್ ಒಯ್ಯುವ ಮುನ್ನ ಅನುಮತಿ ಕೇಳಬೇಕೆಂಬುದನ್ನೂ ನೆನಪಿಡಬೇಕು.

ಗುರುತುಮುದ್ರೆಗಳ ವಿಷಯದಲ್ಲಿ ತಾಣಗಳು ಬಹಳ ಕಟ್ಟುನಿಟ್ಟು. ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ, ನಂದಿನಿ ಹಾಲಿನ ಪೊಟ್ಟಣ, ಬಸ್ಸಿನ ಮೇಲಿನ ಲಾಂಛನ, ಮೇಜಿನ ಮೇಲಿಟ್ಟ ಫೋನಿನ ಗುರುತು, ಇವುಗಳಲ್ಲಿ ಯಾವುದು ಕಂಡರೂ ವಾಣಿಜ್ಯ ವಿಭಾಗದಲ್ಲಿ ಚಿತ್ರ ನಿಲ್ಲುವುದು ಕಷ್ಟ. ಮಾರುಕಟ್ಟೆಯ ಸಾಮಾನ್ಯ ನೋಟದಲ್ಲಿ ಇಂಥವು ಹತ್ತಾರು ಇರುತ್ತವೆ. ರಾಶಿ ಹಾಕಿದ ಮಲ್ಲಿಗೆ, ಕುಂಕುಮ, ಚಿಗುರೆಲೆ, ನಂಜನಗೂಡು ರಸಬಾಳೆಗಳಲ್ಲಿ ಒಂದೂ ಇರುವುದಿಲ್ಲ.

ಹಾಗಿದ್ದರೆ ಜಂಬೂಸವಾರಿಯ ಚಿತ್ರಗಳ ಗತಿ ಏನು? ಸಾವಿರಾರು ಜನರಿಂದ ಸಹಿ ಪಡೆಯಲು ಯಾರಿಗೂ ಆಗದು, ಅಗತ್ಯವೂ ಇಲ್ಲ. ಅವು ಎಡಿಟೋರಿಯಲ್ ವಿಭಾಗಕ್ಕೆ ಹೋಗಬೇಕು. ಅಲ್ಲಿ ಒಪ್ಪಿಗೆಪತ್ರದ ಒತ್ತಾಯವಿಲ್ಲ, ಪ್ರತಿಯಾಗಿ ಸತ್ಯನಿಷ್ಠೆಯ ಒತ್ತಾಯವಿದೆ: ಚಿತ್ರದಲ್ಲಿರುವುದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ವಿವರಣೆಯಲ್ಲಿ ಊರು, ದೇಶ, ದಿನಾಂಕ, ನಡೆದದ್ದೇನು ಎಂಬುದು ನಿಗದಿತ ಕ್ರಮದಲ್ಲಿ ಇರಬೇಕು. ದಿನಾಂಕವನ್ನು ಬಿಟ್ಟದ್ದಕ್ಕೇ ಮರಳಿ ಬರುವ ದಸರಾ ಚಿತ್ರಗಳಿವೆ.

ಮದುವೆ ಫೋಟೋ ತೆಗೆಯುವ ಸ್ಟುಡಿಯೋದವರು ಗಮನಿಸಬೇಕಾದ ಮಾತೊಂದಿದೆ. ಅದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಛಾಯಾಗ್ರಾಹಕರೇ ಚಿತ್ರದ ಮೊದಲ ಹಕ್ಕುದಾರರು. ಆದರೆ ಯಾರೋ ಹಣ ಕೊಟ್ಟು ತೆಗೆಸಿದ ಚಿತ್ರವಾಗಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಕ್ಕು ತೆಗೆಸಿದವರದು. ಮದುವೆ ಮನೆಯಲ್ಲಿ ತೆಗೆದ ಮೈಸೂರು ರೇಷ್ಮೆ ಸೀರೆಯ ವಧುವಿನ ಚಿತ್ರ ಎಷ್ಟೇ ಚೆನ್ನಾಗಿದ್ದರೂ, ಆ ಕುಟುಂಬದೊಂದಿಗೆ ಬರವಣಿಗೆಯಲ್ಲಿ ಒಪ್ಪಂದವಿಲ್ಲದೆ ಅದನ್ನು ಸ್ಟಾಕ್ ತಾಣಕ್ಕೆ ಕೊಡುವ ಅಧಿಕಾರ ಸ್ಟುಡಿಯೋಗೆ ಇಲ್ಲ.

ಈಗಾಗಲೇ ಇರುವ ಚಿತ್ರಗಳು

‘ಇದೇ ಬಗೆಯ ಚಿತ್ರಗಳಿವೆ’ ಎಂಬ ಕಾರಣ ಎರಡು ಬಗೆಯಲ್ಲಿ ಬರುತ್ತದೆ. ಒಂದು, ನೀವೇ ಒಂದು ನೋಟದ ಇಪ್ಪತ್ತು ಪ್ರತಿಗಳನ್ನು ಒಟ್ಟಿಗೆ ಕಳುಹಿಸಿದಾಗ. ಇನ್ನೊಂದು, ಸಂಗ್ರಹದಲ್ಲಿ ಆ ವಸ್ತು ಆಗಲೇ ತುಂಬಿ ತುಳುಕುತ್ತಿರುವಾಗ. ದೀಪ ಬೆಳಗಿದ ಮೈಸೂರು ಅರಮನೆ ಎರಡನೆಯದಕ್ಕೆ ಒಳ್ಳೆಯ ನಿದರ್ಶನ. ಸುಮಾರು ಒಂದು ಲಕ್ಷ ಬಲ್ಬುಗಳು ಉರಿಯುವಾಗ ಮುಂದಿನ ಅಂಗಳದಲ್ಲಿ ನಿಂತು ಎಲ್ಲರೂ ಒಂದೇ ಕೋನದಿಂದ ತೆಗೆಯುತ್ತಾರೆ. ಅಕ್ಟೋಬರ್‌ನಲ್ಲಿ ಸೂರ್ಯ ಆರು ಗಂಟೆ ದಾಟುತ್ತಿದ್ದಂತೆ ಮುಳುಗುವುದರಿಂದ ಏಳಕ್ಕೆಲ್ಲ ಆಕಾಶ ಕಪ್ಪಾಗಿರುತ್ತದೆ, ಬಲ್ಬುಗಳು ಬಿಳಿ ಕಲೆಗಳಾಗಿ ಚೆಲ್ಲಿಕೊಳ್ಳುತ್ತವೆ. ಜೂನ್ ತಿಂಗಳ ಭಾನುವಾರದ ಸಂಜೆ ದೀಪ ಹೊತ್ತುವ ಏಳರ ಸುಮಾರಿಗೆ ಸೂರ್ಯಾಸ್ತವಾಗಿ ಸ್ವಲ್ಪ ಹೊತ್ತಷ್ಟೇ ಆಗಿರುತ್ತದೆ. ಮೋಡ ಸರಿದಿದ್ದರೆ ಆಕಾಶದಲ್ಲಿ ಇನ್ನೂ ಕಡುನೀಲಿ ಉಳಿದಿದ್ದು ಗೋಪುರದ ಅಂಚುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅದೇ ಅರಮನೆ, ಆದರೆ ಜನಸಂದಣಿಯೂ ಕಡಿಮೆ, ಪೈಪೋಟಿಯೂ ಕಡಿಮೆ.

ಇದಕ್ಕಿಂತ ಸುಲಭದ ದಾರಿ ಅರಮನೆಯನ್ನೇ ಬಿಟ್ಟು ಬೇರೆಡೆ ನೋಡುವುದು. ನಾಟಿಗೆ ಹದ ಮಾಡಿದ ಗದ್ದೆ, ವಿಶ್ವೇಶ್ವರಯ್ಯ ನಾಲೆಯ ನೀರು ತೂಬಿನಿಂದ ಹೊಲಕ್ಕೆ ತಿರುಗುವ ಬಗೆ, ಮುದ್ದೆ ಕಟ್ಟುವ ಕೈ, ಕಬ್ಬಿನ ಗಾಡಿಯ ಸಾಲು ಇವೆಲ್ಲ ನಮಗೆ ದಿನನಿತ್ಯದವು. ಕೃಷಿ, ನೀರಾವರಿ, ಆಹಾರದ ಬಗ್ಗೆ ಬರೆಯುವ ಹೊರಗಿನವರಿಗೆ ಇವು ಸುಲಭವಾಗಿ ಸಿಗುವುದಿಲ್ಲ.

ಶೀರ್ಷಿಕೆ ಮತ್ತು ಕೀವರ್ಡ್

ಗ್ರಾಹಕರು ಚಿತ್ರವನ್ನು ಹುಡುಕುವುದು ಪದಗಳ ಮೂಲಕ. ಅಡೋಬಿ 49 ಕೀವರ್ಡ್‌ಗಳವರೆಗೆ, ಶಟರ್‌ಸ್ಟಾಕ್ 50ರವರೆಗೆ ಅವಕಾಶ ಕೊಡುತ್ತವೆ. ಅಡೋಬಿಯಲ್ಲಿ ಮೊದಲ ಹತ್ತಕ್ಕೆ ಹೆಚ್ಚು ತೂಕ. ಜಾಗ ಇದೆಯೆಂದು ಐವತ್ತನ್ನೂ ತುಂಬಬೇಕಾಗಿಲ್ಲ. ಚಿತ್ರದಲ್ಲಿ ಇಲ್ಲದ ವಸ್ತುವಿನ ಹೆಸರನ್ನು ಹುಡುಕಾಟಕ್ಕಾಗಿ ಸೇರಿಸಿದರೆ ಅದೂ ತಿರಸ್ಕಾರಕ್ಕೆ ಕಾರಣವಾಗುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ತೆಗೆದ ಚಿತ್ರಕ್ಕೆ ‘ಹಕ್ಕಿ, ಮರ, ಪ್ರಕೃತಿ’ ಎಂದಷ್ಟೇ ಬರೆದರೆ ಅದು ಲಕ್ಷಾಂತರ ಹಕ್ಕಿಗಳ ನಡುವೆ ಕಳೆದುಹೋಗುತ್ತದೆ. ಊರಿನ ಹೆಸರು ಕೊಕ್ಕರೆಯದಾದರೂ ಚಿತ್ರದಲ್ಲಿರುವುದು ಹೆಜ್ಜಾರ್ಲೆಯಾಗಿದ್ದರೆ, ಸ್ಪಾಟ್-ಬಿಲ್ಡ್ ಪೆಲಿಕನ್ ಎಂಬ ಇಂಗ್ಲಿಷ್ ಹೆಸರನ್ನೂ ಪೆಲೆಕಾನಸ್ ಫಿಲಿಪೆನ್ಸಿಸ್ ಎಂಬ ವೈಜ್ಞಾನಿಕ ಹೆಸರನ್ನೂ ಕೊಡಬೇಕು. ಬಣ್ಣದ ಕೊಕ್ಕರೆಯಾಗಿದ್ದರೆ ಅದರದನ್ನು. ಹಕ್ಕಿ ಗೂಡು ಕಟ್ಟುತ್ತಿದೆಯೋ, ಮರಿಗೆ ಉಣಿಸುತ್ತಿದೆಯೋ ಎಂಬುದೂ ಬರಬೇಕು. ಚಿತ್ರ ಮೈಸೂರಿನದಾದರೆ ಊರಿಗೆ ‘ಮೈಸೂರು’ (Mysuru), ‘ಮೈಸೋರ್’ (Mysore) ಎಂಬ ಎರಡೂ ಇಂಗ್ಲಿಷ್ ಕಾಗುಣಿತಗಳನ್ನು ಹಾಕುವುದು ಜಾಣತನ, ಏಕೆಂದರೆ ಹೊರದೇಶದವರು ಇಂದಿಗೂ ಹಳೆಯದನ್ನೇ ಟೈಪ್ ಮಾಡುತ್ತಾರೆ.

ಕೃತಕ ಬುದ್ಧಿಮತ್ತೆಯಿಂದ ರಚಿಸಿದ ಚಿತ್ರಗಳ ಬಗ್ಗೆ ಇಷ್ಟು ತಿಳಿದರೆ ಸಾಕು: ಅಡೋಬಿ ಅವನ್ನು ಹಾಗೆಂದು ಗುರುತು ಮಾಡಿ ಸಲ್ಲಿಸಲು ಬಿಡುತ್ತದೆ, ಶಟರ್‌ಸ್ಟಾಕ್ ಛಾಯಾಗ್ರಾಹಕರಿಂದ ಅವನ್ನು ಪಡೆಯುವುದಿಲ್ಲ.

ಮರಳಿ ಬಂದ ಮೇಲೆ, ಹಣ ಬರುವ ಮುನ್ನ

ಒಂದು ತಾಣ ಒಲ್ಲೆನೆಂದ ಚಿತ್ರವನ್ನು ಇನ್ನೊಂದು ತಾಣ ಒಪ್ಪಬಹುದು. ಬ್ರಿಟನ್ನಿನ ಆಲಮಿ ವಸ್ತುವನ್ನು ಆಯ್ದು ನೋಡದೆ ತಾಂತ್ರಿಕ ಗುಣಮಟ್ಟವನ್ನಷ್ಟೇ ಪರೀಕ್ಷಿಸುತ್ತದೆ, ಆದರೆ ಪರೀಕ್ಷೆಗೆ ನಿಂತ ಕಂತಿನಲ್ಲಿ ಒಂದು ಚಿತ್ರ ಸೋತರೂ ಇಡೀ ಕಂತನ್ನೇ ಮರಳಿಸುತ್ತದೆ. ಹಾಗಾಗಿ ಅಲ್ಲಿಗೆ ಅನುಮಾನದ ಚಿತ್ರವನ್ನು ‘ನೋಡೋಣ’ ಎಂದು ಸೇರಿಸುವುದು ಉಳಿದವುಗಳಿಗೆ ಅನ್ಯಾಯ. ಯಾವ ತಾಣವೇ ಆಗಲಿ, ತಿರಸ್ಕೃತ ಚಿತ್ರವನ್ನು ಏನೂ ಬದಲಿಸದೆ ಪದೇ ಪದೇ ಕಳುಹಿಸುವುದರಿಂದ ಖಾತೆಗೇ ತೊಂದರೆಯಾಗಬಹುದು.

ಅಮೆರಿಕದ ತಾಣಗಳು ಹಣ ಕೊಡುವ ಮುನ್ನ ಡಬ್ಲ್ಯು-8ಬೆನ್ ಎಂಬ ತೆರಿಗೆ ನಮೂನೆಯನ್ನು ತುಂಬಿಸಿಕೊಳ್ಳುತ್ತವೆ. ಅದರಲ್ಲಿ ಪ್ಯಾನ್ ಸಂಖ್ಯೆಯನ್ನು ನಮೂದಿಸಿ, ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ ಸೌಲಭ್ಯವನ್ನು ಕೇಳಿಕೊಂಡರೆ, ಅಮೆರಿಕದ ಗ್ರಾಹಕರಿಂದ ಬಂದ ಗಳಿಕೆಯ ಮೇಲೆ ಶೇ 30ರ ಬದಲು ಶೇ 15 ಕಡಿತವಾಗುತ್ತದೆ. ಅಡೋಬಿಯಲ್ಲಿ ಕನಿಷ್ಠ 25 ಡಾಲರ್ ಸೇರಿದ ಮೇಲಷ್ಟೇ ಹಣ ಪಡೆಯಲು ಸಾಧ್ಯ. ನಮೂನೆಯಲ್ಲಿರುವ ಹೆಸರು, ಪ್ಯಾನ್ ಕಾರ್ಡಿನ ಹೆಸರು ಮತ್ತು ಬ್ಯಾಂಕ್ ಖಾತೆಯ ಹೆಸರು ಇನಿಶಿಯಲ್ ಸಮೇತ ಒಂದೇ ಆಗಿರುವಂತೆ ಮೊದಲ ದಿನವೇ ನೋಡಿಕೊಳ್ಳಬೇಕು, ಇಲ್ಲವಾದರೆ ಚಿತ್ರ ದಾಟಿದ ಹೊಳೆಯನ್ನು ಹಣ ದಾಟದೆ ಆಚೆ ದಡದಲ್ಲೇ ಉಳಿಯುತ್ತದೆ.